ಲಾಂಚ್‌ಪ್ಯಾಡ್‌ಗೂ ಪಾಳಿ ಇರತೈತಿ

ಹಂಗಾಮು ಶುರುವಾದರೆ ಅಥಣಿ, ಕಾಗವಾಡ, ರಾಯಬಾಗದ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ನಮ್ಮ ಕಬ್ಬಿನ ಪಾಳಿ ಯಾವಾಗ ಬರತೈತ್ರಿ?" ಪಾಳಿ ತಡವಾದರೆ ಹೊಲದಲ್ಲಿ ನಿಂತ ಕಬ್ಬು ತೂಕ ಕಳಕೊಳ್ಳುತ್ತದೆ. ಸ್ವಂತ ಗಾಣ ಇದ್ದವ ಮಾತ್ರ ತನಗೆ ಬೇಕಾದ ದಿನ ಕಡಿದು ಬೆಲ್ಲ ಮಾಡ್ತಾನೆ. ಖಾಸಗಿ ರಾಕೆಟ್ ಕಂಪನಿ ಸ್ವಂತ ಲಾಂಚ್‌ಪ್ಯಾಡ್ ಕಟ್ಟುವುದಕ್ಕೂ ಮೊದಲ ಕಾರಣ ಇದೇ.

ಸ್ಪೇಸ್‌ಎಕ್ಸ್ ತನ್ನ ಮೊದಲ ರಾಕೆಟ್ ಫಾಲ್ಕನ್ 1 ಅನ್ನು ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್ ವಾಯುನೆಲೆಯಿಂದ ಹಾರಿಸಬೇಕೆಂದು ದುಡ್ಡು ಹಾಕಿ ಪ್ಯಾಡ್ ಸಿದ್ಧ ಮಾಡಿತ್ತು. ಆದರೆ ಹತ್ತಿರದ ಪ್ಯಾಡ್‌ನಲ್ಲಿ ಸರ್ಕಾರದ ದುಬಾರಿ ಉಪಗ್ರಹ ಹೊತ್ತ ಟೈಟಾನ್ 4 ನಿಂತಿತ್ತು. ಅದು ಹೋಗುವವರೆಗೆ ಇವರಿಗೆ ಪಾಳಿ ಇಲ್ಲ! ಕಂಪನಿ ಪೆಸಿಫಿಕ್ ಸಾಗರದ ಒಮೆಲೆಕ್ ಎಂಬ ಪುಟ್ಟ ದ್ವೀಪಕ್ಕೆ ಹೋಯಿತು. ಅಲ್ಲಿ ಪಾಳಿಯ ಕಾಟ ತಪ್ಪಿತು, ಬೇರೆ ಕಾಟ ಹತ್ತಿತು. ಮೈನಸ್ 183 ಡಿಗ್ರಿಯ ದ್ರವ ಆಮ್ಲಜನಕವನ್ನು ಹಡಗಿನಲ್ಲಿ ತರಬೇಕು, ಅದು ದಾರಿಯಲ್ಲೇ ಆವಿಯಾಗ್ತದೆ. 2005ರ ನವೆಂಬರ್‌ನಲ್ಲಿ ಒಂದು ಪ್ರಯತ್ನ ಆಮ್ಲಜನಕ ಸಾಲದೆ ನಿಂತಿತು. 2006ರ ಮಾರ್ಚ್‌ನಲ್ಲಿ ಉಪ್ಪುಗಾಳಿಗೆ ತುಕ್ಕು ತಿಂದ ಒಂದು ನಟ್‌ನಿಂದ ಇಂಧನ ಸೋರಿ ರಾಕೆಟ್ ಬಿತ್ತು. ಕೊನೆಗೆ ಗೆದ್ದದ್ದು 2008ರ ಸೆಪ್ಟೆಂಬರ್ 28ರಂದು, ನಾಲ್ಕನೆಯ ಹಾರಾಟದಲ್ಲಿ.

ನಮ್ಮ ದೇಶದಲ್ಲಿ ಚೆನ್ನೈನ ಅಗ್ನಿಕುಲ್ ಕಾಸ್ಮೋಸ್ 2022ರ ನವೆಂಬರ್‌ನಲ್ಲಿ ಶ್ರೀಹರಿಕೋಟಾದೊಳಗೇ 'ಧನುಷ್' ಎಂಬ ಸ್ವಂತ ಪ್ಯಾಡ್ ಉದ್ಘಾಟಿಸಿತು. ಅದೇ ತಿಂಗಳು ಹೈದರಾಬಾದಿನ ಸ್ಕೈರೂಟ್ ಮಾತ್ರ ಇಸ್ರೋದ ಜಾಗದಿಂದಲೇ ವಿಕ್ರಮ್-ಎಸ್ ಹಾರಿಸಿತು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಯಾಕೆ ಬೇಡ? ಇಂಧನ ನೋಡ್ರಿ. ವಿಕ್ರಮ್-ಎಸ್‌ನದು ಘನ ಇಂಧನ, ಮೊದಲೇ ತುಂಬಿ ತಂದು ನಿಲ್ಲಿಸಬಹುದು. ಅಗ್ನಿಕುಲ್‌ನದು ಸೀಮೆಎಣ್ಣೆ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕ. ಟ್ಯಾಂಕು, ಪೈಪು, ವಾಲ್ವು ಎಲ್ಲಾ ಪ್ಯಾಡ್‌ನಲ್ಲೇ ಬೇಕು, ತನ್ನ ಎಂಜಿನ್‌ಗೆ ಹೊಂದುವಂತೆಯೇ ಬೇಕು. ಹೊಸ ರಾಕೆಟ್ ಸತಾಯಿಸುವುದೂ ಜಾಸ್ತಿ. ನಾಲ್ಕು ಸಲ ಉಡಾವಣೆ ನಿಂತಿತು. 2024ರ ಮೇ 28ರಂದು ಕೊನೆಯ ಸೆಕೆಂಡುಗಳಲ್ಲಿ ನಿಲ್ಲಿಸಿ, ಮೇ 30ಕ್ಕೆ ಹಾರಿಸಿದರು. ಎರಡೇ ದಿನದಲ್ಲಿ ಮತ್ತೆ ಪ್ರಯತ್ನಿಸಲು ಪ್ಯಾಡ್ ಕೈಯಲ್ಲಿರಬೇಕು.

ಆದರೆ ಒಂದು ಸೂಕ್ಷ್ಮ. ಅಗ್ನಿಕುಲ್ ಪ್ಯಾಡ್ ಕಟ್ಟಿತು, ರೇಂಜ್ ಕಟ್ಟಲಿಲ್ಲ. ಜಾಗ, ಟ್ರ್ಯಾಕಿಂಗ್, ಸುರಕ್ಷತೆಯ ನೆರವು ಇಸ್ರೋದ್ದೇ. ಒಮೆಲೆಕ್ ಕೂಡ ಅಮೆರಿಕದ ಸೇನೆಯ ರೇಂಜ್‌ನಲ್ಲೇ ಇತ್ತು. ಗಾಣ ನಮ್ಮದು, ರಸ್ತೆ ಸರ್ಕಾರದ್ದು ಅಂದಂಗ. ನನ್ನ ಪ್ರಕಾರ ಸಣ್ಣ ಕಂಪನಿಗೆ ಇದೇ ಜಾಣ ದಾರಿ.

ಹಾಗಾದರೆ ಚಿಕ್ಕೋಡಿಯಲ್ಲಿ ಪ್ಯಾಡ್ ಯಾಕೆ ಬೇಡ? ಲೆಕ್ಕ ಹಾಕಿ. ಭೂಮಧ್ಯರೇಖೆಯಲ್ಲಿ ಭೂಮಿಯ ತಿರುಗುವಿಕೆಯಿಂದ ಸಿಗುವ ವೇಗ ಸೆಕೆಂಡಿಗೆ ಸುಮಾರು 465 ಮೀಟರ್. ಅದನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿದರೆ ಶ್ರೀಹರಿಕೋಟಾಗೆ 452, ಚಿಕ್ಕೋಡಿಗೆ 446. ಕಕ್ಷೆಗೆ ಬೇಕಾದ 7,800ರ ಮುಂದೆ ಈ ಆರು ಮೀಟರ್ ಯಾವ ಲೆಕ್ಕ! ತೊಂದರೆ ಇರುವುದು ಪೂರ್ವಕ್ಕೆ. ಉರಿದು ಮುಗಿದ ಹಂತಗಳು ವಿಜಯಪುರ, ಕಲಬುರಗಿಯ ತಲೆ ಮೇಲೆ ಬೀಳ್ತಾವೆ. ಶ್ರೀಹರಿಕೋಟಾದ ಪೂರ್ವಕ್ಕೆ ಸಮುದ್ರ.

ಇನ್ನು "ರಾಕೆಟ್ ಏರೋಸ್ಪೇಸ್‌ನವರದ್ದು, ನಮಗ್ಯಾಕೆ" ಅನ್ನುವ ಸಿವಿಲ್ ಗೆಳೆಯರಿಗೆ ಒಂದು ಮಾತು. 2023ರ ಏಪ್ರಿಲ್ 20ರಂದು ಟೆಕ್ಸಾಸ್‌ನಲ್ಲಿ ಸ್ಟಾರ್‌ಶಿಪ್‌ನ ಜ್ವಾಲೆ ಪ್ಯಾಡ್‌ನ ಕಾಂಕ್ರೀಟನ್ನೇ ಅಗೆದು ಹಾಕಿತು. ಪ್ಯಾಡ್ ಬೇರೆಯವರದಾಗಿದ್ದರೆ ಅವರ ಉಡಾವಣೆಗಳೂ ನಿಲ್ಲುತ್ತಿದ್ದವು. ಆಮೇಲೆ ಅಲ್ಲಿ ಕೂರಿಸಿದ್ದು ತೂತುಗಳಿಂದ ನೀರು ಚಿಮ್ಮುವ ಉಕ್ಕಿನ ತಟ್ಟೆ. ಅದರ ವಿನ್ಯಾಸಕ್ಕೆ ಬೇಕಾದ ವಿಷಯಗಳು ನಮ್ಮ ಸಿವಿಲ್, ಮೆಕ್ಯಾನಿಕಲ್ ಸಿಲೆಬಸ್‌ನವೇ: ಅಡಿಪಾಯ, ದ್ರವ ಚಲನೆ, ಉಷ್ಣ ವರ್ಗಾವಣೆ.