ಅಡಿಕೆ ಕಳವಾಯಿತೇ? ದೂರು ಕೊಡುವ ಕ್ರಮ ಹೀಗಿದೆ

ಕಡೂರು, ತರೀಕೆರೆ ಕಡೆ ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಕಾವಲು ಬೇಕು. ಅಜ್ಜಂಪುರದ ಬಯಲಿನಲ್ಲಿ ಬೋರ್‌ವೆಲ್ ಕೇಬಲ್‌ಗೂ ಬೇಕು. ಕಳವಾದ ಮೇಲೆ ಊರಲ್ಲೇ ವಿಚಾರಿಸುತ್ತಾ ದಿನ ಕಳೆದರೆ ಮಾಲು ಕೈ ಬದಲಾಗಿರುತ್ತದೆ. ಅದೇ ದಿನ ಠಾಣೆಗೆ ಹೋಗಿ.

ಕಳ್ಳರು ಇನ್ನೂ ಅಲ್ಲೇ ಇದ್ದರೆ ಮೊದಲು 112ಕ್ಕೆ ಕರೆ ಮಾಡಿ. ಮುರಿದ ಬೀಗ, ಗಾಡಿಯ ಗುರುತು ಮುಟ್ಟಬೇಡಿ; ಫೋಟೊ ತೆಗೆದಿಡಿ. ಮಹಜರಿಗೆ ಅದೇ ಆಧಾರ.

ದೂರನ್ನು ಬಿಳಿ ಹಾಳೆಯಲ್ಲಿ ಬರೆದರೆ ಸಾಕು, ಕಾನೂನಿನ ಭಾಷೆ ಬೇಡ. ಮಾಲನ್ನು ಕೊನೆಯದಾಗಿ ಯಾವಾಗ ನೋಡಿದಿರಿ, ಇಲ್ಲವೆಂದು ಯಾವಾಗ ಗೊತ್ತಾಯಿತು, ಹಸಿಯೋ ಒಣಗಿದ್ದೋ, ಎಷ್ಟು ಚೀಲ, ಅಂದಾಜು ತೂಕ, ಅಂದಿನ ಧಾರಣೆಯಲ್ಲಿ ಬೆಲೆ, ಇಷ್ಟು ಬರಲಿ. ಯಾರ ಮೇಲಾದರೂ ಅನುಮಾನವಿದ್ದರೆ ಕಾರಣ ಸಮೇತ ಬರೆಯಿರಿ. ಹಳೇ ಜಗಳ ತೀರಿಸಿಕೊಳ್ಳಲು ಹೆಸರು ಸೇರಿಸಿದರೆ ಸುಳ್ಳು ದೂರಿನ ಕೇಸು ನಿಮ್ಮ ಮೇಲೇ ಬಂದೀತು. ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು. ಪೊಲೀಸರು ಬರೆದುಕೊಂಡು ಓದಿ ಹೇಳಬೇಕು, ಆಮೇಲೆ ಸಹಿ.

ಬೆಲೆ ನಮೂದಿಸುವುದನ್ನು ಹಗುರವಾಗಿ ಕಾಣಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವನ್ನು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಕೇಬಲ್ ಜತೆ ಸ್ಟಾರ್ಟರ್ ಕೂಡ ಹೋಗಿದ್ದರೆ ಅದನ್ನೂ ಸೇರಿಸಿ, ಬಿಲ್ ಇದ್ದರೆ ಲಗತ್ತಿಸಿ.

‘ಇದು ನಮ್ಮ ಸರಹದ್ದಲ್ಲ’ ಎಂಬ ಮಾತು ಗಡಿಯೂರಿನವರಿಗೆ ಹೊಸದಲ್ಲ. ಅಜ್ಜಂಪುರದ ಆಚೆ ಹೊಸದುರ್ಗ, ಕಡೂರಿನ ಆಚೆ ಅರಸೀಕೆರೆ, ತರೀಕೆರೆಯ ಆಚೆ ಭದ್ರಾವತಿ. ಮೂರೂ ಬೇರೆ ಜಿಲ್ಲೆ. ಆದರೆ ಈ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧವಾದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅಲ್ಲಿ ‘ಝೀರೋ ಎಫ್‌ಐಆರ್’ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಆನ್‌ಲೈನಿನಲ್ಲಿ ಕಳಿಸಿದ ದೂರಿಗೆ ಮೂರು ದಿನದೊಳಗೆ ಸಹಿ ಹಾಕಬೇಕು.

ಬರಿಗೈಯಲ್ಲಿ ಮನೆಗೆ ಬರಬೇಡಿ. ದೂರು ಸ್ವೀಕರಿಸಿದ್ದಕ್ಕೆ ಕೊಡುವ ಹಿಂಬರಹ ಬೇರೆ, ಎಫ್‌ಐಆರ್ ಬೇರೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕು. ಕಳವಿನಂಥ ಪ್ರಕರಣದಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ‘ನೋಡೋಣ ಬಿಡಿ’ ಎಂದು ಸಾಗಹಾಕುವುದಕ್ಕಲ್ಲ.

ದಾಖಲಿಸಲು ಒಪ್ಪದಿದ್ದರೆ ಜಗಳ ಬೇಡ. ದೂರಿನ ಸಾರಾಂಶವನ್ನು ಚಿಕ್ಕಮಗಳೂರಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ (ಎಸ್ಪಿ) ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ, ಪ್ರಮಾಣಪತ್ರದೊಂದಿಗೆ. ಎಸ್ಪಿಗೆ ಬರೆದಿದ್ದೀರೆಂಬ ಪುರಾವೆಯನ್ನು ಅಲ್ಲಿ ಕೇಳುತ್ತಾರೆ. ಅಂಚೆಯ ರಸೀದಿ ಜೋಪಾನ.