ಮೊದಲು ಮೂಗಿನ ಅಳತೆ, ಆಮೇಲೆ ಯಂತ್ರ

ಸ್ಲೀಪ್ ಆಪ್ನಿಯಾ ಎಂದು ವರದಿ ಬಂದ ಪರಿಚಿತರು ನನಗೆ ಫೋನ್ ಮಾಡಿದಾಗ ಮೊದಲು ಕೇಳುವುದು ಯಂತ್ರದ ಬೆಲೆ. ‘ಅಕ್ಕಾ, ನಿಮಗೆ ಎಷ್ಟು ಬಿತ್ತು? ಇಎಂಐ ಸಿಗುತ್ತಾ?’ ಬೆಲೆ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಮಾಸ್ಕಿನ ಮಾತು ಎತ್ತುತ್ತೇನೆ. ಐವತ್ತು ಸಾವಿರ ಕೊಟ್ಟು ತಂದ ಸಿಪ್ಯಾಪ್ ಯಂತ್ರ ಬೀರುವಿನ ಮೇಲೆ ಧೂಳು ಹಿಡಿದು ಕೂತಿರುವ ಮನೆಗಳನ್ನು ಶಿವಮೊಗ್ಗದಲ್ಲೇ ಕಂಡಿದ್ದೇನೆ. ಯಂತ್ರಗಳು ಸುಸ್ಥಿತಿಯಲ್ಲೇ ಇದ್ದವು. ಮುಖಕ್ಕೆ ಒಗ್ಗದ ಮಾಸ್ಕನ್ನು ಕೆಲವು ರಾತ್ರಿ ಸಹಿಸಿ, ಕಿತ್ತಿಟ್ಟು, ಅವರೆಲ್ಲ ಮತ್ತೆ ಗೊರಕೆಗೆ ಮರಳಿದ್ದರು. ಈ ಕಾಯಿಲೆಯಲ್ಲಿ ಹಣ ಉಳಿಯುವುದೂ ಮುಳುಗುವುದೂ ಮಾಸ್ಕಿನ ಮೇಲೆ ನಿಂತಿದೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗಿ ಉಸಿರಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಳ್ಳುವುದೇ ಈ ತೊಂದರೆ. ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು ಅಥವಾ ಕುಗ್ಗಿತು ಎಂಬ ಲೆಕ್ಕಕ್ಕೆ ಎಎಚ್‌ಐ ಎನ್ನುತ್ತಾರೆ. 5ರಿಂದ 15 ಸೌಮ್ಯ, 30 ದಾಟಿದರೆ ತೀವ್ರ. ನನ್ನದು 34 ಇತ್ತು. ಸಿಡ್ನಿಯ ವೈದ್ಯ ಕಾಲಿನ್ ಸುಲಿವನ್ ಮತ್ತು ಸಂಗಡಿಗರು ಐದು ಮಂದಿ ರೋಗಿಗಳ ಮೂಗಿನ ಹೊಳ್ಳೆಗಳ ಮೂಲಕ ಒತ್ತಡದ ಗಾಳಿ ಹಾಯಿಸಿ, ಮುಚ್ಚುವ ದಾರಿಯನ್ನು ತೆರೆದಿಡಬಹುದೆಂದು 1981ರಲ್ಲಿ ತೋರಿಸಿಕೊಟ್ಟರು. ಇವತ್ತಿನ ಯಂತ್ರಗಳೂ ಮಾಡುವುದು ಅದನ್ನೇ. ಗಾಳಿಯನ್ನು ಸೋರದಂತೆ, ನೋಯಿಸದಂತೆ ಮೂಗಿಗೆ ತಲುಪಿಸುವುದು ಮಾತ್ರ ಮಾಸ್ಕಿನ ಕೆಲಸ.

ಮಾಸ್ಕಿನಲ್ಲಿ ಮೂರು ಬಗೆ. ಮೂಗು ಬಾಯಿ ಎರಡನ್ನೂ ಮುಚ್ಚುವಂಥದ್ದು, ಮೂಗನ್ನಷ್ಟೇ ಮುಚ್ಚುವಂಥದ್ದು, ಇನ್ನೊಂದು ನೇಸಲ್ ಪಿಲ್ಲೋ. ಈ ಮೂರನೆಯದರಲ್ಲಿ ಎರಡು ಮೆತ್ತನೆಯ ಸಿಲಿಕಾನ್ ಮೊಗ್ಗುಗಳು ಹೊಳ್ಳೆಗಳ ಬಾಯಿಗೆ ಆನಿಕೊಂಡು ಕೂರುತ್ತವೆ, ಅಷ್ಟೇ. ಕೆನ್ನೆ, ಹಣೆ, ಮೂಗಿನ ದಂಡೆ ಎಲ್ಲವೂ ಖಾಲಿ. ಕನ್ನಡಕ ಹಾಕಿಕೊಂಡು ಓದಬಹುದು, ಮಗ್ಗುಲಾಗಿ ಮಲಗಬಹುದು. ಮುಖ ಮುಚ್ಚಿದರೆ ಉಸಿರುಗಟ್ಟಿದಂತಾಗುವ ನನ್ನಂಥವರಿಗೆ, ದಪ್ಪ ಮೀಸೆಯ ಗಂಡಸರಿಗೆ ಇದು ವಾಸಿ. ಬಾಯಲ್ಲಿ ಉಸಿರಾಡುವವರಿಗೆ, ಸದಾ ಮೂಗು ಕಟ್ಟುವವರಿಗೆ, ತುಂಬಾ ಹೆಚ್ಚಿನ ಒತ್ತಡ ಬೇಕಾದವರಿಗೆ ಸಾಮಾನ್ಯವಾಗಿ ಒಗ್ಗದು. ನಿಮಗೆ ಯಾವುದೆಂದು ವೈದ್ಯರೊಂದಿಗೆ ತೀರ್ಮಾನಿಸಿ. ಆಮೇಲಿನದು ಹಣದ ವಿಚಾರ.

ಡೀಲರ್ ನನಗೆ ಯಂತ್ರ, ಮಾಸ್ಕ್ ಸೇರಿಸಿ ಒಂದೇ ದರ ಹೇಳಿದರು. ನಾನು ಎರಡನ್ನೂ ಬೇರೆ ಮಾಡಿಸಿದೆ. ಯಂತ್ರವನ್ನು ತಿಂಗಳಿಗೆ 4,000 ರೂಪಾಯಿ ಬಾಡಿಗೆಗೆ ತಂದೆ, ಮಾಸ್ಕನ್ನು ಮಾತ್ರ 7,800 ಕೊಟ್ಟು ಕೊಂಡೆ. ಕೊಳ್ಳುವುದಾದರೆ ಮೊದಲ ತಿಂಗಳ ಬಾಡಿಗೆಯನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕೆಂದು ರಸೀದಿಯ ಮೇಲೇ ಬರೆಸಿಕೊಂಡೆ. ಯಂತ್ರ ಇಂದಲ್ಲ ನಾಳೆ ಕೊಳ್ಳಬಹುದು. ಮುಖಕ್ಕೆ ಒಗ್ಗದ ಮಾಸ್ಕ್ ಇದ್ದರೆ ಯಂತ್ರ ಕೊಂಡು ಪ್ರಯೋಜನವಿಲ್ಲ. ಚಪ್ಪಲಿಯನ್ನು ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆಯದೆ ನಾವು ಯಾರೂ ದುಡ್ಡು ಕೊಡುವುದಿಲ್ಲ. ಮಾಸ್ಕನ್ನೂ ಅಂಗಡಿಯಲ್ಲೇ ಹಾಕಿ, ಗಾಳಿ ಬಿಟ್ಟು, ಮಲಗಿ ನೋಡಬೇಕು. ನಿಂತಾಗ ಸರಿ ಕೂತದ್ದು ಮಲಗಿದಾಗ ಸೋರುತ್ತದೆ, ಏಕೆಂದರೆ ದಿಂಬಿಗೆ ತಲೆಯಿಟ್ಟೊಡನೆ ಪಟ್ಟಿಯ ಎಳೆತವೇ ಬದಲಾಗುತ್ತದೆ. ಬೆಂಗಳೂರಿನ ಒಂದು ಅಂಗಡಿ ಇದಕ್ಕೆ ಒಪ್ಪಲಿಲ್ಲ. ಪೊಟ್ಟಣ ಒಡೆದರೆ ವಾಪಸಿಲ್ಲ ಎಂದರು. ಮೂಗಿಗೆ ತಾಗುವ ವಸ್ತುವಾದ್ದರಿಂದ ಆ ನಿಯಮಕ್ಕೆ ಅರ್ಥವಿದೆ. ಆದರೆ ತೋರಿಸಲು ಒಂದು ಮಾದರಿಯನ್ನೂ ಇಡದೆ ಇಷ್ಟು ದುಬಾರಿ ಸಾಮಾನು ಮಾರುವುದು ಅನ್ಯಾಯ. ನಾನು ಬೇರೆ ಅಂಗಡಿಗೆ ಹೋದೆ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಡಬ್ಬಿಯಲ್ಲಿ ಎಷ್ಟು ಅಳತೆಯ ಕುಷನ್‌ಗಳು, ಅಂದರೆ ಆ ಸಿಲಿಕಾನ್ ಮೊಗ್ಗುಗಳು, ಇವೆ ಎಂಬುದು. ಹೆಸರಾಂತ ಕಂಪನಿಗಳ ಹಲವು ಮಾಸ್ಕ್‌ಗಳಲ್ಲಿ ಸಣ್ಣ, ಮಧ್ಯಮ, ದೊಡ್ಡ ಮೂರೂ ಜೊತೆಗೇ ಬರುತ್ತವೆ. ಕಡಿಮೆ ಬೆಲೆಯವುಗಳಲ್ಲಿ ಒಂದೇ ಇರಬಹುದು; ಆ ಒಂದು ಅಳತೆ ತಪ್ಪಿದರೆ ಉಳಿಸಿದ ದುಡ್ಡು ಹೋಯಿತು. ಹೆಂಗಸರ ಮೂಗು ಎಂದು ಸಣ್ಣದನ್ನೇ ಕೈಗೆ ಕೊಡುತ್ತಾರೆ. ಸಣ್ಣದಾದರೆ ಮೊಗ್ಗು ಹೊಳ್ಳೆಯ ಒಳಕ್ಕೆ ಸರಿದು ಬೆಳಗ್ಗೆಗೆ ಚರ್ಮ ಕೆಂಪಾಗಿ ಉರಿಯುತ್ತದೆ. ಅದು ಹೊಳ್ಳೆಯ ಅಂಚಿನಲ್ಲಿ ನಿಲ್ಲಬೇಕು. ನನಗೆ ಹೊಂದಿದ್ದು ಮಧ್ಯಮ.

ಇನ್ನು ಮೂಗುಬೊಟ್ಟು. ಯಾವ ಕೈಪಿಡಿಯಲ್ಲೂ ನನಗೆ ಇದರ ಮಾತು ಸಿಗಲಿಲ್ಲ, ನಮ್ಮ ಕಡೆಯ ಹೆಂಗಸರಿಗೆ ಮಾತ್ರ ಇದು ಮೊದಲ ತೊಡಕು. ನನ್ನದು ತಿರುಪಿನದು. ಹೊರಗೆ ಕಾಣುವ ಹರಳು ಏನೂ ಮಾಡುವುದಿಲ್ಲ. ಒಳಗಿನ ತಿರುಪು ಸಿಲಿಕಾನಿಗೆ ಒತ್ತಿ, ಆ ಸಂದಿಯಿಂದ ಗಾಳಿ ಸಿಳ್ಳೆ ಹಾಕುತ್ತದೆ. ಸೋರುವುದನ್ನು ತಡೆಯಲು ಪಟ್ಟಿ ಬಿಗಿದರೆ ತಿರುಪು ಚರ್ಮಕ್ಕೆ ಚುಚ್ಚುತ್ತದೆ. ತೆಳುವಾದ ಸಿಲಿಕಾನ್ ಹರಿದರೆ ಹೊಸ ಕುಷನ್‌ಗೆ ಎರಡು ಸಾವಿರದ ಮೇಲೆ. ರಾತ್ರಿ ತೆಗೆದಿಡಬೇಕು, ಬೆಳಗ್ಗೆ ಹಾಕಬೇಕು. ಕನ್ನಡಿ ಮುಂದೆ ನಿಂತು ತಿರುಪು ತಿರುಗಿಸುವುದು ದಿನಾ ಆಗುವ ಕೆಲಸವಲ್ಲ. ಗಾಂಧಿ ಬಜಾರಿನ ಅಕ್ಕಸಾಲಿಗರ ಬಳಿ ಹೋಗಿ, ಅದೇ ಹರಳಿಗೆ ತಿರುಪು ತೆಗೆಸಿ ಸಣ್ಣ ಕೊಕ್ಕೆಯ ತಂತಿ ಹಾಕಿಸಿದೆ. ಮಜೂರಿ, ಚೂರು ಚಿನ್ನ ಸೇರಿ ಆದ ಖರ್ಚು ಒಂದು ಹೊಸ ಕುಷನ್ನಿನ ಬೆಲೆಯನ್ನೂ ಮುಟ್ಟಲಿಲ್ಲ. ಮುತ್ತೈದೆ ರಾತ್ರಿ ಬರಿಮೂಗಲ್ಲಿ ಮಲಗುವುದಕ್ಕೆ ಅತ್ತೆ ಏನನ್ನುತ್ತಾರೋ ಎಂಬ ಅಳುಕಿತ್ತು. ಅವರು ಕೇಳಿ, ‘ಉಸಿರಿಗಿಂತ ಅದು ದೊಡ್ಡದೇನೇ? ದೇವರ ಮುಂದಿನ ಬಟ್ಟಲಲ್ಲಿಡು, ಎದ್ದು ಹಾಕ್ಕೋ’ ಎಂದರು. ನಾನು ಈ ಚಿಕಿತ್ಸೆಯಲ್ಲಿ ಮಾಡಿದ ಖರ್ಚುಗಳಲ್ಲಿ ಆ ಮಜೂರಿಯಷ್ಟು ಫಲ ಕೊಟ್ಟದ್ದು ಬೇರಿಲ್ಲ.

ರೂಢಿ ಮಾಡಿಕೊಂಡ ಬಗೆ ಹೀಗೆ: ಸಂಜೆ ಪೇಪರ್ ಓದುತ್ತಾ, ಯಂತ್ರ ಹಚ್ಚದೆ, ಮಾಸ್ಕ್ ಮಾತ್ರ ಧರಿಸಿ ಕೂತೆ. ಅದು ಹಗುರ ಎನಿಸಿದ ಮೇಲೆ ಕೂತಲ್ಲೇ ಗಾಳಿ ಹಾಕಿಕೊಂಡೆ. ಯಂತ್ರದಲ್ಲಿ ರ್‍ಯಾಂಪ್ ಎಂಬ ಸೌಲಭ್ಯವಿದೆ. ಒತ್ತಡ 4 ಸೆಂಟಿಮೀಟರ್ ನೀರಿನಷ್ಟು ಕಡಿಮೆಯಿಂದ ಶುರುವಾಗಿ, ನಿದ್ದೆ ಹತ್ತುವಷ್ಟರಲ್ಲಿ ನಿಧಾನವಾಗಿ ಏರುತ್ತದೆ. ಪಟ್ಟಿ ಬಿಗಿಯುವುದು ಎಲ್ಲರೂ ಮೊದಲು ಮಾಡುವ ಕೆಲಸ. ಸೋರುತ್ತಿದ್ದರೆ ಬಿಗಿಯುವ ಬದಲು ಮೊಗ್ಗುಗಳನ್ನು ಮೂಗಿನಿಂದ ತುಸು ಮುಂದಕ್ಕೆ ಎಳೆದು, ಗಾಳಿ ತುಂಬಿಕೊಂಡ ಮೇಲೆ ಮತ್ತೆ ಕೂರಲು ಬಿಡಿ. ಎಣ್ಣೆಸ್ನಾನದ ದಿನ ಮುಖದಲ್ಲಿ, ಕೂದಲ ಬುಡದಲ್ಲಿ ಕೊಬ್ಬರಿ ಎಣ್ಣೆಯ ಪಸೆ ಉಳಿದಿದ್ದರೆ ಸಿಲಿಕಾನ್ ನಿಲ್ಲುವುದಿಲ್ಲ, ಪಟ್ಟಿಯೂ ಜಾರುತ್ತದೆ. ಮುಖ ತೊಳೆದೇ ಹಾಕಬೇಕು. ಮೂಗು ಉರಿದರೆ ವ್ಯಾಸಲಿನ್ ಹಚ್ಚಬೇಡಿ, ಸಿಲಿಕಾನ್ ಹಾಳಾಗುತ್ತದೆ. ನೀರಿನ ಆಧಾರದ ಜೆಲ್, ಸಲೈನ್ ಸ್ಪ್ರೇ ಔಷಧಿ ಅಂಗಡಿಯಲ್ಲಿ ಸಿಗುತ್ತವೆ.

ಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸಲು ನಾನು ಅಮೆರಿಕದ ಅಳತೆಗೋಲನ್ನು ಎರವಲು ಪಡೆದೆ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಈ ಯಂತ್ರದ ಖರ್ಚನ್ನು ಮುಂದುವರಿಸಬೇಕಾದರೆ, ಮೊದಲ ಮೂರು ತಿಂಗಳೊಳಗೆ ಒಂದು 30 ದಿನಗಳ ಅವಧಿಯಲ್ಲಿ ಶೇ 70ರಷ್ಟು ರಾತ್ರಿಗಳಾದರೂ ಕನಿಷ್ಠ 4 ಗಂಟೆ ಬಳಸಿದ ದಾಖಲೆ ಬೇಕು. ನಮ್ಮಲ್ಲಿ ಕೈಯಿಂದ ದುಡ್ಡು ಹಾಕುವ ನಾವು ನಮ್ಮ ಮೇಲೆ ಅಷ್ಟೇ ಕಟ್ಟುನಿಟ್ಟಾಗಿರಬಾರದೇಕೆ? ಬಳಸಿದ ಗಂಟೆ, ಸೋರಿಕೆ, ಉಳಿದ ಎಎಚ್‌ಐ ಎಲ್ಲವನ್ನೂ ಯಂತ್ರವೇ ದಾಖಲಿಸುತ್ತದೆ. ಬಾಡಿಗೆ ತಿಂಗಳ ದಾಖಲೆ ಆ ಗೆರೆ ದಾಟಿದ ಮೇಲೆಯೇ 52,000 ಕೊಟ್ಟು ಯಂತ್ರ ಕೊಂಡೆ. ದಾಟದಿದ್ದರೆ ಮಾಸ್ಕ್ ಬದಲಿಸಿ, ಬಾಡಿಗೆ ಇನ್ನೊಂದು ತಿಂಗಳು ಮುಂದುವರಿಸಿ. ಅಲ್ಲಿಯವರೆಗೆ ಇಎಂಐಗೆ ಸಹಿ ಹಾಕಬೇಡಿ.

ವಿಮೆಯನ್ನು ನೆಚ್ಚುವಂತಿಲ್ಲ. ಮನೆಯಲ್ಲಿ ಬಳಸುವ ಇಂಥ ಉಪಕರಣಗಳನ್ನು ಹೆಚ್ಚಿನ ಪಾಲಿಸಿಗಳು ಹೊರಗಿಟ್ಟಿವೆ. ಕೇಂದ್ರ ಸರ್ಕಾರದ ನೌಕರರು, ಪಿಂಚಣಿದಾರರು ತಮ್ಮ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನಲ್ಲಿ ಮೊದಲೇ ಅನುಮತಿ ಪಡೆದು ಮಿತಿಯೊಳಗೆ ಮರುಪಾವತಿ ಕೇಳಬಹುದು. ಹೊಸ ಪಾಲಿಸಿ ಮಾಡಿಸುವಾಗ ಆಪ್ನಿಯಾ ಇರುವುದನ್ನು ಮುಚ್ಚಿಡಬೇಡಿ. 2024ರಿಂದ ಹಳೆಯ ಕಾಯಿಲೆಗಳ ಕಾಯುವ ಅವಧಿ ಗರಿಷ್ಠ ಮೂರು ವರ್ಷಕ್ಕೆ ಇಳಿದಿದೆ, ಮುಚ್ಚಿಟ್ಟರೆ ಕ್ಲೇಮೇ ಹೋಗಬಹುದು. ತೆರಿಗೆಯಲ್ಲಿ, ಹಳೆಯ ಪದ್ಧತಿಯಲ್ಲಿರುವ, ಆರೋಗ್ಯ ವಿಮೆಯೇ ಇಲ್ಲದ 60 ದಾಟಿದವರ ವೈದ್ಯಕೀಯ ಖರ್ಚಿಗೆ 50,000 ರೂಪಾಯಿವರೆಗೆ ವಿನಾಯಿತಿ ಇದೆ. ನಗದಲ್ಲಿ ಕೊಟ್ಟರೆ ಲೆಕ್ಕಕ್ಕಿಲ್ಲ. ತಂದೆತಾಯಿಗೆ ಕೊಡಿಸುವವರು ಬಿಲ್ಲನ್ನು ಅವರ ಹೆಸರಲ್ಲೇ ಮಾಡಿಸಿ, ಆಡಿಟರನ್ನು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಉಸಿರಾಟದ ಉಪಕರಣಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಕೇಳಿ.

ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ಆಸೆಪಡುವವರಿಗೆ ಒಂದು ಎಚ್ಚರಿಕೆ: ಒಳಗಿನ ಫೋಮ್ ಪುಡಿಯಾಗುವ ಅಪಾಯವಿದೆಯೆಂದು ಫಿಲಿಪ್ಸ್ 2021ರ ಜೂನ್‌ನಲ್ಲಿ ಮೊದಲ ಪೀಳಿಗೆಯ ಡ್ರೀಮ್‌ಸ್ಟೇಷನ್ ಸೇರಿ ಹಲವು ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಸೀರಿಯಲ್ ನಂಬರ್ ನೋಡದೆ ಕೊಳ್ಳಬೇಡಿ. ಬೇರೆಯವರು ಬಳಸಿದ ಮಾಸ್ಕ್ ಅಂತೂ ಬೇಡವೇ ಬೇಡ.

ಮಲೆನಾಡಿನ ಮಳೆಗಾಲಕ್ಕೆ ಇನ್ನೆರಡು ಖರ್ಚು. ಚಳಿಗೆ ಟ್ಯೂಬಿನೊಳಗೆ ಹನಿ ಕಟ್ಟಿ ಮೂಗಿಗೆ ನೀರು ಬರುತ್ತದೆ. ಬಟ್ಟೆಯ ಹೊದಿಕೆ ಹೊಲಿಸಿ ಹಾಕಿದರೆ ಸಾಕು, ಬಿಸಿಯಾಗುವ ಟ್ಯೂಬ್ ಆಮೇಲೆ ನೋಡಬಹುದು. ಕರೆಂಟ್ ಹೋದ ರಾತ್ರಿ, ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಆರಿಸಿಬಿಟ್ಟರೆ ಯಂತ್ರ ಎಳೆಯುವ ವಿದ್ಯುತ್ ಬಹಳ ಕಡಿಮೆ, ಮನೆಯ ಮಾಮೂಲಿ ಯುಪಿಎಸ್ ಬ್ಯಾಟರಿ ತಡೆಯುತ್ತದೆ. ವರ್ಷದ ಬಜೆಟ್ಟಿನಲ್ಲಿ ನಾನು ಎತ್ತಿಡುವುದು ಎರಡು ಕುಷನ್, ಒಂದು ಕಟ್ಟು ಫಿಲ್ಟರ್, ಡಿಸ್ಟಿಲ್ಡ್ ವಾಟರ್ ಸೇರಿ 7,000 ರೂಪಾಯಿ. ದೀಪಾವಳಿ ಬೋನಸ್ ಬಂದ ತಿಂಗಳಲ್ಲೇ ತರಿಸಿಡುತ್ತೇನೆ.