‘ಮುಂಬೈಗೆ ಹೋಗಿ, ವಿಳಾಸ ಹೇಳಬೇಡಿ’ ಎಂದರೆ ರಕ್ಷಣೆಯೇ?

ಪ್ರಶ್ನೆ: ಮೇಡಂ, ನಾನು ವಿಜಯಪುರ ಜಿಲ್ಲೆಯವಳು. ಬೇರೆ ಜಾತಿಯವರನ್ನು ರಿಜಿಸ್ಟರ್ ಮದುವೆಯಾದೆ. ಅಣ್ಣ, ಚಿಕ್ಕಪ್ಪ ಇಬ್ಬರೂ ನಮ್ಮನ್ನು ಮುಗಿಸುತ್ತೇವೆಂದು ಬೆದರಿಸಿದರು. ಪುಣೆಗೆ ಓಡಿಹೋದೆವು, ಅಲ್ಲಿಗೂ ಬಂದು ನನ್ನ ಗಂಡನನ್ನು ಹೊಡೆದರು. ಈಗ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. ವಿಚಾರಣೆಯಲ್ಲಿ ನಾವು ಹೇಳಿದ್ದನ್ನು ರೆಫ್ಯೂಜಿ ಬೋರ್ಡಿನ ಸದಸ್ಯರು ನಂಬಿದರು. ಆದರೂ ಮುಂಬೈ ಅಥವಾ ಕೋಲ್ಕತ್ತದಲ್ಲಿ ಬದುಕಬಹುದು, ಮನೆಯವರಿಗೆ ವಿಳಾಸ ತಿಳಿಸದಿದ್ದರಾಯಿತು ಎಂದು ಅರ್ಜಿ ತಿರಸ್ಕರಿಸಿದ್ದಾರೆ. ಪತ್ರ ಬಂದು ಆರು ದಿನವಾಯಿತು. ಎಲ್ಲವನ್ನೂ ಇನ್ನಷ್ಟು ವಿವರವಾಗಿ ಬರೆದು ಕಳಿಸಲೇ?
– ಹೆಸರು ಬೇಡ

ಉತ್ತರ: ಬೇಡ. ನಿಮ್ಮ ಮಾತನ್ನು ಅವರು ಆಗಲೇ ನಂಬಿದ್ದಾರೆ. ನಂಬಿದ ಮೇಲೂ ಎಲ್ಲಿ ತಪ್ಪಿದರು ಎಂದು ತೋರಿಸುವುದೇ ಮೇಲ್ಮನವಿಯ ಕೆಲಸ.

ಮೊದಲು ದಿನದ ಲೆಕ್ಕ. ಕಾರಣಗಳನ್ನು ಬರೆದ ತೀರ್ಪು ಕೈಸೇರಿದ 15 ದಿನದೊಳಗೆ ರೆಫ್ಯೂಜಿ ಅಪೀಲ್ ಡಿವಿಷನ್‌ಗೆ ನೋಟಿಸ್ ತಲುಪಬೇಕು. ವಾದ ಮತ್ತು ದಾಖಲೆಗಳಿಗೆ 45 ದಿನ, ಅದೂ ತೀರ್ಪು ಸಿಕ್ಕ ದಿನದಿಂದಲೇ. ನೋಟಿಸಿಗೆ ಕಥೆಯೇನೂ ಬೇಕಿಲ್ಲ, ಇವತ್ತೇ ಕಳಿಸಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಲೀಗಲ್ ಏಡ್ ಒಂಟಾರಿಯೊಗೆ ಈಗಲೇ ಫೋನ್ ಮಾಡಿ.

ಇನ್ನು ಮುಖ್ಯ ವಿಷಯ. ದೇಶ ದೊಡ್ಡದಿದೆ, ಬೇರೆ ಊರಿಗೆ ಹೋಗಬಹುದಲ್ಲ ಎಂಬ ಮಾತಿಗೆ ಭಾರತದಿಂದ ಬಂದ ಎಷ್ಟೋ ಅರ್ಜಿಗಳು ಬಿದ್ದುಹೋಗುತ್ತವೆ. ಕಾನೂನು ಇಲ್ಲಿ ಎರಡು ವಿಷಯ ನೋಡುತ್ತದೆ: ಆ ಊರಿನಲ್ಲಿ ನಿಮಗೆ ಗಂಭೀರ ಅಪಾಯವಿದೆಯೇ, ಮತ್ತು ಅಲ್ಲಿ ಹೋಗಿ ಬಾಳಿ ಎನ್ನುವುದು ನ್ಯಾಯವೇ. ಎರಡನೆಯದರಲ್ಲಿ ಗೆಲ್ಲುವುದು ಬಹಳ ಕಷ್ಟ; ಕೆಲಸ ಸಿಗದು, ಭಾಷೆ ಬಾರದು ಎಂದರೆ ಸಾಲದು. ನಿಮ್ಮ ಶಕ್ತಿಯನ್ನೆಲ್ಲ ಮೊದಲನೆಯದಕ್ಕೆ ಹಾಕಿ.

ಅಲ್ಲಿ ಕೇಳುವುದು, ಅಣ್ಣನಿಗೆ ನಿಮ್ಮನ್ನು ಹುಡುಕುವ ಹಟ ಇನ್ನೂ ಇದೆಯೇ, ಹುಡುಕುವ ದಾರಿ ಇದೆಯೇ ಎಂದು. ಎರಡಕ್ಕೂ ಪುಣೆಯೇ ಉತ್ತರ. ಬೇರೆ ರಾಜ್ಯದ ದೊಡ್ಡ ನಗರದಲ್ಲಿ ಒಮ್ಮೆ ಪತ್ತೆ ಹಚ್ಚಿದವರಿಗೆ ಮುಂಬೈಯಲ್ಲಿ ಏಕೆ ಆಗದು? ತೀರ್ಪಿನಲ್ಲಿ ಸದಸ್ಯರು ಇದಕ್ಕೆ ಉತ್ತರಿಸಿದ್ದಾರೆಯೇ ನೋಡಿ. ಪುಣೆಯ ಪ್ರಸ್ತಾಪವನ್ನೇ ಬಿಟ್ಟಿದ್ದರೆ ನಿಮ್ಮ ಮೊದಲ ಆಕ್ಷೇಪಣೆ ಅದೇ ಆಗಲಿ. ಅವರಿಗೆ ನಿಮ್ಮ ಸುಳಿವು ಹೇಗೆ ಸಿಕ್ಕಿತ್ತು? ಬಾಡಿಗೆ ಮನೆಗೆ ಕೊಟ್ಟ ಆಧಾರ್‌ನಿಂದಲೋ, ಊರಿನವರೇ ಯಾರೋ ಕಂಡು ಹೇಳಿದರೋ? ಗೊತ್ತಿದ್ದಷ್ಟನ್ನೇ ಬರೆಯಿರಿ, ಊಹೆ ಸೇರಿಸಬೇಡಿ.

ವಿಳಾಸ ಹೇಳದಿದ್ದರಾಯಿತು ಎಂಬ ಸಾಲು ನನ್ನನ್ನು ಕೆರಳಿಸಿತು. ತವರಿನಲ್ಲಿ ಯಾರು ಸತ್ತರು, ಯಾರು ಹೆತ್ತರು ಎಂದು ಕೇಳಲು ಅವ್ವನಿಗೂ ಫೋನ್ ಮಾಡುವಂತಿಲ್ಲದ ಬದುಕು ಅಡಗುಬದುಕು. ಇದು ನನ್ನ ಅಭಿಪ್ರಾಯ ಮಾತ್ರವಲ್ಲ. 2020ರ ಅಲಿ ಪ್ರಕರಣದಲ್ಲಿ ಕೆನಡಾದ ಫೆಡರಲ್ ಕೋರ್ಟ್, ಮನೆಯವರಿಂದಲೂ ನೆಲೆ ಮುಚ್ಚಿಡಬೇಕಾದರೆ ಅದು ಅಡಗಿರುವುದಕ್ಕೆ ಸಮ, ಸುರಕ್ಷಿತ ನೆಲೆಯಲ್ಲ ಎಂದಿದೆ. ನಿಮ್ಮ ವಕೀಲರು ಆ ತೀರ್ಪನ್ನು ಖಂಡಿತ ಇಟ್ಟುಕೊಂಡಿರಲಿ.

ಭಾರತದಲ್ಲಿ ಕಾನೂನಿದೆಯಲ್ಲ ಎಂಬ ಮಾತೂ ಬರಬಹುದು. ಶಕ್ತಿ ವಾಹಿನಿ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ಇಂಥ ಜೋಡಿಗಳಿಗಾಗಿ ಜಿಲ್ಲೆಗಳಲ್ಲಿ ವಿಶೇಷ ಘಟಕಗಳಿರಬೇಕು, ಸುರಕ್ಷಿತ ವಸತಿಗೆ ವ್ಯವಸ್ಥೆಯಾಗಬೇಕು ಎಂದು ನಿರ್ದೇಶಿಸಿದ್ದು ನಿಜ. ನೀವು ಠಾಣೆಗೆ ಹೋಗಿದ್ದರೆ ಅಲ್ಲಿ ನಡೆದದ್ದೇನು? ದೂರು ಬರೆದುಕೊಂಡರೋ, ‘ಮನೆಯವರ ಜೊತೆ ರಾಜಿ ಮಾಡಿಕೊಳ್ಳಿ’ ಎಂದು ಕಳಿಸಿದರೋ? ನಿರ್ದೇಶನಕ್ಕೆ ಎದುರಾಗಿ ಇಡಬೇಕಾದ್ದು ಅದನ್ನೇ.

ಹೊಸ ಸಾಕ್ಷ್ಯಕ್ಕೆ ಬಾಗಿಲು ಕಿರಿದು. ತೀರ್ಪಿನ ನಂತರ ಹುಟ್ಟಿದ್ದು, ಅಥವಾ ಮೊದಲು ನಿಮ್ಮ ಕೈಗೆ ಸಿಗುವಂತಿರದಿದ್ದದ್ದು, ಇಲ್ಲವೇ ಆಗ ನೀವು ಸಲ್ಲಿಸುವಿರೆಂದು ನಿರೀಕ್ಷಿಸಲಾಗದಂಥದ್ದು ಮಾತ್ರ ಸಲ್ಲುತ್ತದೆ. ನಿನ್ನೆ ಮೊನ್ನೆ ಅಣ್ಣ ಕಳಿಸಿದ ವಾಟ್ಸ್ಆ್ಯಪ್ ಧ್ವನಿ ಸಂದೇಶವಿದ್ದರೆ ಅಳಿಸಬೇಡಿ. ಬರಹಕ್ಕಿಳಿಸಿ, ಇಂಗ್ಲಿಷಿಗೆ ಅನುವಾದಿಸಿ, ಅನುವಾದಕರ ಘೋಷಣೆಯೊಡನೆ ಕೊಡಿ. ಮೇಲ್ಮನವಿ ಸಾಮಾನ್ಯವಾಗಿ ಕಾಗದದ ಮೇಲೆಯೇ ತೀರ್ಮಾನವಾಗುತ್ತದೆ, ನಿಮ್ಮನ್ನು ಎದುರು ಕೂರಿಸಿ ಕೇಳುವುದು ಅಪರೂಪ. ಆದರೆ 2016ರ ಹುರುಗ್ಲಿಕಾ ತೀರ್ಪಿನಂತೆ ಡಿವಿಷನ್ ಕಡತವನ್ನು ತಾನೇ ಓದಿ, ಕೆಳಗಿನ ತೀರ್ಮಾನ ಸರಿಯೇ ಎಂದು ಸ್ವತಃ ಅಳೆಯಬೇಕು.

ಪ್ರಶ್ನೆ: ಮೊದಲ ಫಾರಂನಲ್ಲಿ ಹೊಡೆತ ಬಡಿತ ಮಾತ್ರ ಬರೆದಿದ್ದೆ. ಮೈದುನ ಮಾಡಿದ ಬಲಾತ್ಕಾರವನ್ನು ವಿಚಾರಣೆಯಲ್ಲಿ ಹೇಳಿದೆ. ಮೊದಲೇ ಏಕೆ ಬರೆಯಲಿಲ್ಲ, ಸುಳ್ಳು ಎಂದರು. ಫಾರಂ ತುಂಬುವಾಗ ಗಂಡನೇ ಪಕ್ಕದಲ್ಲಿದ್ದರು.
– ನೊಂದವಳು

ಉತ್ತರ: ನೀವು ಸುಳ್ಳು ಹೇಳಲಿಲ್ಲ, ಹೇಳಲಾಗದೆ ಇದ್ದಿರಿ. ಅದಕ್ಕೆಂದೇ ಕೆನಡಾದ ಬೋರ್ಡ್ 1993ರಲ್ಲಿ, ಜಗತ್ತಿನಲ್ಲೇ ಮೊದಲಿಗೆ, ಮಹಿಳೆಯರ ಆಶ್ರಯ ಅರ್ಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. 2022ರಲ್ಲಿ ಪರಿಷ್ಕರಿಸಿದ ಅದೇ ಮಾರ್ಗಸೂಚಿ (ಬೋರ್ಡಿನ ನಾಲ್ಕನೆಯದು) ಆಘಾತ, ನಾಚಿಕೆ, ಮನೆಯವರ ಭಯದಿಂದ ತಡವಾಗಿ ಹೇಳುವುದನ್ನು ಅರಿತು ನೋಡಬೇಕೆನ್ನುತ್ತದೆ. ಸದಸ್ಯರು ಅದನ್ನು ಹೆಸರಿಗೆ ಉಲ್ಲೇಖಿಸಿ ಮರೆತಿದ್ದರೆ ಅದೇ ಮೇಲ್ಮನವಿಯ ಆಧಾರ. ವಿಚಾರಣೆಯ ಧ್ವನಿಮುದ್ರಣ ಕೇಳಿ ಪಡೆಯಿರಿ. ಗಂಡ ಪಕ್ಕದಲ್ಲಿದ್ದ ಮಾತನ್ನು ನೀವು ಆಗಲೇ ಹೇಳಿದ್ದರೆ ಅದು ಅಲ್ಲಿರುತ್ತದೆ. ನಿಮಗೆ ಗಂಡನಿಂದ ಪ್ರತ್ಯೇಕ ವಕೀಲರು ಬೇಕು. ತೀರ್ಪಿನ ಕೊನೆಯಲ್ಲಿ ‘ನಂಬಬಹುದಾದ ಆಧಾರವೇ ಇಲ್ಲ’ ಎಂದು ಬರೆದಿದ್ದರೆ ಈ ಡಿವಿಷನ್‌ಗೆ ಹೋಗಲಾಗದು, ನೇರವಾಗಿ ಫೆಡರಲ್ ಕೋರ್ಟಿಗೆ ಹೋಗಬೇಕು. ಆ ಸಾಲನ್ನು ಇವತ್ತೇ ಹುಡುಕಿ.

ಪ್ರಶ್ನೆ: ಮೇಲ್ಮನವಿ ನಡೆಯುತ್ತಿರುವಾಗ ವಿಮಾನ ಹತ್ತಿಸಿ ಕಳಿಸಿಬಿಡುತ್ತಾರಾ?
– ಮಿಸ್ಸಿಸಾಗಾದ ಓದುಗ

ಉತ್ತರ: ಡಿವಿಷನ್‌ನಲ್ಲಿ ಮೇಲ್ಮನವಿ ಇರುವಾಗ ಇಲ್ಲ. ಅಲ್ಲಿ ಸೋತರೆ ಫೆಡರಲ್ ಕೋರ್ಟಿನ ಅನುಮತಿ ಕೇಳಲು 15 ದಿನ. ಸಾಮಾನ್ಯ ಪ್ರಕರಣಗಳಲ್ಲಿ ಆಗಲೂ ತಡೆ ಮುಂದುವರಿಯುತ್ತದೆ. ಮನೆ ಬದಲಿಸಿದರೆ ಬೋರ್ಡಿಗೂ ಗಡಿ ಸೇವಾ ಸಂಸ್ಥೆಗೂ ಕೂಡಲೇ ತಿಳಿಸಿ.